ತಳದಲ್ಲಿ ಎರಡು ಬಿಡಬೇಕು

ವೂಚ್ ಎಂದರೆ ಪೋಲೆಂಡಿನ ಮಾತಿನಲ್ಲಿ ದೋಣಿ.
ಊರ ನದಿಗಳನ್ನೆಲ್ಲ ಎಂದೋ ಕೊಳವೆಗೆ ಇಳಿಸಿ
ಮೇಲೆ ಗಿರಣಿ ಕಟ್ಟಿದರು.
ಅಂಥದೊಂದು ಗಿರಣಿಯ ಬಣ್ಣದ ಮನೆಯಲ್ಲಿ
ಇಪ್ಪತ್ತಾರು ವರ್ಷ ಕೈ ಅದ್ದಿದವಳು ನಾನು.
ಸಾಸಿವೆ ಹಳದಿ ಅನ್ನುವುದಿಲ್ಲ, ನಾನೂರ ಹನ್ನೆರಡು ಅನ್ನುತ್ತೇನೆ.
ಇಟ್ಟಿಗೆ ಕೆಂಪು, ಎಪ್ಪತ್ತು.
ನಡುರಾತ್ರಿಯ ನೀಲಿಗೆ ಮಾತ್ರ ಎರಡು ನಂಬರು:
ಒಂದು ಸರಿಯಾದದ್ದು,
ಇನ್ನೊಂದು ಮೇಸ್ತ್ರಿ ಕುಡಿದು ಬಂದ ಸೋಮವಾರದ್ದು.

ಗಿರಣಿ ಮುಚ್ಚಿದಾಗ ಸಂಬಳದ ಬದಲು ಕೊಟ್ಟ ಉಣ್ಣೆ
ಮಂಚದಡಿ ನುಸಿಗುಳಿಗೆಯ ವಾಸನೆಯಲ್ಲಿ ಮಲಗಿತ್ತು.
ಈಗ ಬೊಗುಮಿಲ್‌ನ ತೊಡೆಯ ಮೇಲಿದೆ.

ನನ್ನ ಗಂಡ ಟ್ರಾಂ ಓಡಿಸಿದವನು, ಮೂವತ್ತೊಂದು ವರ್ಷ.
ಮಾರ್ಚಿನಲ್ಲಿ ಪಾರ್ಶ್ವವಾಯು ಬಡಿದು
ಎಡಗೈ, ಯಾರೋ ಮರೆತು ಹೋದ ಚೀಲದಂತೆ
ಪಕ್ಕಕ್ಕೆ ತೂಗಿತು.
ಆಸ್ಪತ್ರೆಯ ಹುಡುಗಿ ಕಿಂಗಾ, ಮೂಗಿಗೆ ರಿಂಗು, ದನಿಗೆ ಗತ್ತು,
ಬಲಗೈಗೆ ಕೊಕ್ಕೆಕಡ್ಡಿ ಕೊಟ್ಟು
ಎಡಗೈಯ ತೋರುಬೆರಳಿಗೆ ಎಳೆ ಸುತ್ತಿ
"ಇದನ್ನು ಬಿಡಬೇಡಿ" ಅಂದಳು.
ಅವನು ನನ್ನನ್ನು ನೋಡಿದ.
ನಾನು ಕಿಟಕಿ ನೋಡಿದೆ.

ವಿನ್ಯಾಸ ಸುಲಭದ್ದು. ಬಣ್ಣಬಣ್ಣದ ಅಂಕುಡೊಂಕು.
ಹನ್ನೊಂದು ಕಂಬ ಹತ್ತು,
ತುದಿಯಲ್ಲಿ ಒಂದೇ ತೂತಿಗೆ ಮೂರು,
ಹನ್ನೊಂದು ಕಂಬ ಇಳಿ,
ತಳದಲ್ಲಿ ಎರಡು ಬಿಡು.
ಮೇಲೆ ಕೂಡಿದ್ದನ್ನು ಕೆಳಗೆ ಕಳೆಯದಿದ್ದರೆ
ಕಂಬಳಿ ಹೋಗಿ ಬೀಸಣಿಗೆಯಾಗುತ್ತದೆ.

ಬೊಗುಮಿಲ್ ಎಣಿಸುವುದು ಅಂಕಿಗಳಲ್ಲಲ್ಲ, ನಿಲ್ದಾಣಗಳಲ್ಲಿ.
ಡಿಪೋ. ಸಕ್ಕರೆ ಅಂಗಡಿ. ಹೆರಿಗೆ ಆಸ್ಪತ್ರೆ.
ನಿನ್ನ ಗಿರಣಿ. ಕುದುರೆ ಸಂತೆ. ಸ್ಮಶಾನದ ಗೇಟು.
ಒಂದೊಂದು ಕಂಬಕ್ಕೂ ಒಂದೊಂದು ಹೆಸರು,
ಗಂಟೆ ಬಾರಿಸಿದ ಹಾಗೆ ತಲೆಯಾಡಿಸುತ್ತ.

ಮೂವತ್ತೊಂದನೆಯ ಸಾಲಿಗೆ ಬಂದಾಗ ನಾನು ಕಂಡೆ:
ಹತ್ತೊಂಬತ್ತರಲ್ಲಿ ಏನೋ ತಪ್ಪಿದೆ.
ಅಲ್ಲಿಂದ ಎಡ ಅಂಚು ಸೆರಗಿನಂತೆ ಹರಡುತ್ತಿದೆ.
ಬಾಯಿಬಿಡಲಿಲ್ಲ.

ಕೊಕ್ಕೆ ಹೆಣಿಗೆಯ ಗುಟ್ಟು ಇಷ್ಟೇ,
ಇಡೀ ಕಂಬಳಿ ನಿಂತಿರುವುದು
ತುದಿಯ ಒಂದೇ ಒಂದು ಕುಣಿಕೆಯ ಮೇಲೆ.
ಅವನು ಗೊರಕೆಗೆ ಇಳಿದ ಮೇಲೆ
ಅಡುಗೆಮನೆಯ ದೀಪದಲ್ಲಿ ಅದನ್ನು ಹಿಡಿದು ಎಳೆದೆ.
ಮೂರು ವಾರ, ಒಂದು ಕಪ್ ಚಹಾ ಆರುವಷ್ಟರಲ್ಲಿ
ಸರಸರನೆ ಉಂಡೆಯಾಯಿತು.
ಬೆಳಗಿನ ಹಾಲಿನ ಗಾಡಿ ಬರುವ ಮುಂಚೆ
ಹದಿಮೂರು ಸಾಲು ಮತ್ತೆ ಹೆಣೆದು ಮಡಿಸಿಟ್ಟೆ.
ಬಿಗಿ. ಸಮ. ಗಿರಣಿಯ ಕೈ.

ಅವನು ಹಲ್ಲುಜ್ಜಿ ಬಂದು ಕುಳಿತ.
ನೋಡಲಿಲ್ಲ. ಹೆಬ್ಬೆರಳಿನಿಂದ ಸವರಿದ,
ಕೆಳಗಿನ ಸಾಲುಗಳಲ್ಲಿ ಬೆರಳು ಎಡವಿ ಎಡವಿ ಬಂತು,
ಹತ್ತೊಂಬತ್ತರಿಂದ ಜಾರತೊಡಗಿತು,
ಎಣ್ಣೆ ಹಾಕಿದ ಹಳಿಯ ಮೇಲೆ ಜಾರುವ ಹಾಗೆ.
"ಇಲ್ಲಿ ನಾನಿಲ್ಲ" ಅಂದ.

ಆಮೇಲೆ ಎಡಗೈಯಿಂದ, ಹೌದು, ಎಡಗೈಯಿಂದಲೇ,
ಕುಣಿಕೆ ಹಿಡಿದು ಎಳೆದ.
ನನ್ನ ರಾತ್ರಿ ಸರಸರನೆ ಅವನ ಮಡಿಲಿಗೆ ಬಿತ್ತು.
ಎಳೆ ನೆಟ್ಟಗಾಗಲಿಲ್ಲ;
ಎರಡೆರಡು ಸಲ ಬಿಚ್ಚಿದ ಉಣ್ಣೆ,
ಯಾರ ಸುರುಳಿ ಯಾರದೋ.

"ತಳದಲ್ಲಿ ಎರಡು ಬಿಡಬೇಕು ಬೊಗುಮಿಲ್.
ನೀನು ಬಿಡುತ್ತಿಲ್ಲ."
"ಹೇಗೆ ಬಿಡಲಿ? ಸ್ಟಾಪಿನಲ್ಲಿ ಜನ ನಿಂತಿರುತ್ತಾರೆ."

ನಗು ಬಂತು. ಅವನಿಗೆ ಬರಲಿಲ್ಲ.
ಬಹಳ ಹೊತ್ತು ಕೊಕ್ಕೆ ಗಾಳಿಯಲ್ಲಿತ್ತು.
ನಾನೂರ ಹನ್ನೆರಡನ್ನು ಬೆರಳಿಗೆ ಸುತ್ತಿಕೊಂಡು
ಹತ್ತೊಂಬತ್ತನೆಯ ಸಾಲು ಶುರುಮಾಡಿದ.
ಇಳಿಜಾರು ಮುಗಿಯಿತು, ತಳ ಬಂತು,
ಕೈ ತಡೆಯಿತು, ದಾಟಿತು.

"ಯಾವುದು ಬಿಟ್ಟೆ?"
"ನಿನ್ನ ಗಿರಣಿ. ಅಲ್ಲಿ ಈಗ ಯಾರೂ ಇಳಿಯುವುದಿಲ್ಲ."
"ಇನ್ನೊಂದು?"

ಕುದುರೆ ಸಂತೆ, ಅಂದ,
ನನಗಲ್ಲ, ಕಂಬಕ್ಕೆ.