ದನಿ ನಿಂತರೆ ಎಳೆ

ಗುಡಾಣ ತೊಳೆಯಲು ಇಳಿಯುವವರು ಸಣ್ಣಾಳಾಗಿರಬೇಕು.
ನಮ್ಮ ಬೀದಿಗೆಲ್ಲ ನೀನೇ ಸಣ್ಣಾಳು, ಶಾಕ್ರೊ.
ಕುತ್ತಿಗೆವರೆಗೆ ನೆಲದಲ್ಲಿ ಹೂತ ಗುಡಾಣ,
ಬಾಯೊಂದೇ ಮೇಲೆ.
ಸೊಂಟಕ್ಕೆ ಹಗ್ಗ, ಕೈಯಲ್ಲಿ ಚೆರ್ರಿ ತೊಗಟೆಯ ಕುಂಚ,
ಮೊದಲು ಕಾಲು, ಆಮೇಲೆ ಎದೆ, ಕೊನೆಗೆ ಟೋಪಿ.
ಒಳಗೆ ಹಳೆಯ ವೈನಿನ ಆವಿ;
ತಲೆ ಸುತ್ತಿದ್ದು ಸುತ್ತಿದವನಿಗೇ ತಿಳಿಯುವುದಿಲ್ಲ.
ಅದಕ್ಕೇ ಒಳಗಿದ್ದವರು ಹಾಡುತ್ತಿರಬೇಕು,
ಮೇಲಿದ್ದವರು ಕೇಳುತ್ತಿರಬೇಕು.

"ದನಿ ನಿಂತರೆ ಎಳೆ" ಎಂದು ನೀನು ಹಗ್ಗದ ತುದಿ ಕೊಟ್ಟದ್ದು
ಮದುವೆಯಾದ ಮೊದಲ ಸೆಪ್ಟೆಂಬರಿನಲ್ಲಿ.
ನಿನಗೆ ಹಾಡಲು ಬರುತ್ತಿರಲಿಲ್ಲ.
ಸಾಲ ತೀರಿಸದವರ ಹೆಸರುಗಳನ್ನೇ ರಾಗ ಎಳೆದು ಕೂಗುತ್ತಿದ್ದೆ.
ಒಮ್ಮೆ ನಿಂತಿತು.
ಅರಚಿದೆ, ಎಳೆದೆ, ಅಂಗೈ ಕಿತ್ತುಬಂತು.
ಟೋಪಿ ಮೇಲೆದ್ದು ಹೇಳಿತು:
"ಮೂಗು ಸೀಟುತ್ತಿದ್ದೆ ಕಣೇ."

ಈ ಏಪ್ರಿಲ್ ಹೊತ್ತಿಗೆ ಹಾಸಿಗೆಯಲ್ಲಿ ಇನ್ನೂ ಸಣ್ಣಾಳಾದೆ.
ಮಂಗಳವಾರ ಮಂಗಳವಾರ ತೆಲಾವಿಯಿಂದ ನರ್ಸ್ ಲಾಮಾರಾ.
ಮಾರ್ಫಿನ್ ಹನಿ ಎಣಿಸಲು ಕಲಿಸಿದಳು,
ಮಗ್ಗುಲು ಬದಲಿಸಲು, ಹಿಮ್ಮಡಿಯಡಿ ದಿಂಬಿಡಲು,
ಒಣಗಿದ ತುಟಿಯನ್ನು ಹತ್ತಿ ಅದ್ದಿ ಒರೆಸಲು.
"ನೀರಲ್ಲೇ ಅದ್ದಬೇಕೆ?" ಎಂದು ಕೇಳಿದೆ.
ಬಾಗಿಲ ಕಡೆ ನೋಡಿ, "ನಾನು ಆಗಲೇ ಹೊರಟೆ" ಅಂದಳು.
ಮೂರನೇ ಗುಡಾಣದ್ದನ್ನು ಅದ್ದಿ ತಂದೆ.
ನೀನು ಚಪ್ಪರಿಸಿ,
"ಇನ್ನೊಂದು ವಾರ ಬೇಕು" ಅಂದೆ.
ವೈನಿಗೋ ನಿನಗೋ, ಕೇಳಲಿಲ್ಲ.

ಒಂದು ಮಧ್ಯಾಹ್ನ ಲೆಕ್ಕವನ್ನೂ ಒಪ್ಪಿಸಿದೆ:
ಮಣ್ಣಿಗೆ ಬರುವವರು ಇನ್ನೂರು, ತಲೆಗೆ ಒಂದೂವರೆ ಲೀಟರು,
ಗೊಚಾ ಒಬ್ಬನಿಗೆ ಮೂರು.
ಕಂದು ಬೂಟು ಬೇಡ, ಅದು ಅಳಿಯನಿಗಾಗಲಿ.
ಕರಿ ಕೋಟಿನ ಜೇಬಲ್ಲಿ ಬಳ್ಳಿ ಸವರುವ ಕತ್ತರಿ ಇಡು,
ಅಲ್ಲಿಯವರು ಸವರದೆ ಬಿಟ್ಟಿದ್ದರೆ?
ನಾನು ಕರೆಂಟು ಬಿಲ್ಲಿನ ಹಿಂದೆ ಬರೆದುಕೊಂಡೆ.
ನಾತೆಲಾ ಅಡುಗೆಮನೆಗೆ ಎದ್ದುಹೋಗಿ
ನಲ್ಲಿಯನ್ನು ಜೋರಾಗಿ ಬಿಟ್ಟಳು.

ರಾತ್ರಿಗಳಲ್ಲಿ ಕುರ್ಚಿ ಎಳೆದು ಕೂತು ಕೇಳಿದೆ.
ಉಸಿರು ಬರುತ್ತಿತ್ತು. ನಿಲ್ಲುತ್ತಿತ್ತು.
ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು...
ಮತ್ತೆ ಬರುತ್ತಿತ್ತು, ಗೋಡೆಗೆ ಕುಂಚ ಉಜ್ಜಿದ ಹಾಗೆ.
ಕೈ ತಾನಾಗಿ ಹಗ್ಗ ಹುಡುಕುತ್ತಿತ್ತು,
ಹೊದಿಕೆಯ ಅಂಚು ಸಿಗುತ್ತಿತ್ತು.
"ಕಿವಿ ಕೊನೆಗೆ ಹೋಗುವುದು, ಮಾತಾಡುತ್ತಿರಿ"
ಎಂದಿದ್ದಳು ಲಾಮಾರಾ.
ಸರಿ, ಈ ಸಲ ಮೇಲಿದ್ದವಳೇ ಹಾಡಬೇಕು.
ನನಗೂ ಬರುವುದಿಲ್ಲ.
ನಿನ್ನ ಹೆಸರುಗಳನ್ನೇ ಹಿಡಿದೆ:
ಹಂದಿಮರಿಯ ಹಣ ಕೊಡದ ಜುರಾ,
ಏಣಿ ಒಯ್ದು ತರದ ವಾನೋ...

ಶುಕ್ರವಾರ ನಸುಕಿನಲ್ಲಿ ಎಣಿಕೆ ಅರವತ್ತು ದಾಟಿತು.
ಎಳೆಯಲಿಲ್ಲ.
ಅಂಗೈ ಉರಿಯುತ್ತಿತ್ತು, ಆದರೂ ಎಳೆಯಲಿಲ್ಲ.

ಕನ್ನಡಿಗೆ ಬಟ್ಟೆ ಹೊದಿಸಿದರು.
ಗೊಚಾ ಒಂದೇ ಲೋಟ ಕುಡಿದ. ಅವನ ಮೇಲೆ ಸಿಟ್ಟು ಬಂತು.
ನಲವತ್ತನೆಯ ದಿನಕ್ಕೆ ಮೂರನೇ ಗುಡಾಣ ಬರಿದು.
ಬಂದವರೆಲ್ಲ ಕಾಲವೇ ಮದ್ದು ಅಂದರು.
ಕಾಲ ಬಂತು,
ಅಂಗಳದಲ್ಲಿ ನಿಂತು ಸೌದೆ ಎಷ್ಟಿದೆ ನೋಡಿ
ಹೊರಟುಹೋಯಿತು.

ಹಣ್ಣಾದ ದ್ರಾಕ್ಷಿ ಯಾರಿಗೂ ಕಾಯುವುದಿಲ್ಲ.
ಅಲಝಾನಿಯ ಆಚೆ ದಡದಲ್ಲಿ ಆಗಲೇ ಬುಟ್ಟಿ ತುಂಬುತ್ತಿದ್ದರು.
ಬೀದಿಗೆಲ್ಲ ಈಗ ನಾನೇ ಸಣ್ಣಾಳು.
ಸೊಂಟಕ್ಕೆ ಹಗ್ಗ ಬಿಗಿದು, ತುದಿಯನ್ನು ನಾತೆಲಾಗೆ ಕೊಟ್ಟು,
ಕಾಲು, ಎದೆ, ತಲೆವಸ್ತ್ರ.
ತಳದಲ್ಲಿ ಎಡಗೈಯವನು ಉಜ್ಜಿದ ಗೆರೆ.
ಅಲ್ಲಿ ಅತ್ತೆ,
ಏಪ್ರಿಲ್‌ನಿಂದ ಎತ್ತಿಟ್ಟದ್ದನ್ನೆಲ್ಲ.
ಗುಡಾಣ ಸಣ್ಣ ಅಳುವನ್ನೂ ದೊಡ್ಡದು ಮಾಡಿ ವಾಪಸು ಕೊಡುತ್ತದೆ.
ಇಷ್ಟು ವರ್ಷ ನೀನು ಹೇಳಲೇ ಇಲ್ಲ.

ಗಂಟಲು ಕಟ್ಟಿ ಒಂದು ಗಳಿಗೆ ಸುಮ್ಮನಾದೆ.
ತಟ್ಟನೆ ಸೊಂಟದ ಹಗ್ಗ ಬಿಗಿಯಿತು.
ಮೇಲಿನ ದುಂಡು ಬೆಳಕಿನಲ್ಲಿ ಮಗಳ ಮುಖ: "ಅಮ್ಮಾ!"

"ಮೂಗು ಸೀಟುತ್ತಿದ್ದೆ ಕಣೇ" ಎಂದು
ಕುಂಚ ಎತ್ತಿಕೊಂಡೆ.
ಏಣಿ ಒಯ್ದು ತರದ ವಾನೋ,
ಏ ವಾನೋ...