ಅರವತ್ತೆಂಟು ಮುಟ್ಟುವ ತನಕ

ಸಂತೆಪೇಟೆಯಲ್ಲಿ ಮೂವತ್ತೊಂದು ವರ್ಷ
ನಾನು ಮಾರಿದ್ದೂ ಔಷಧಿಯೇ,
ಆಲೂಗಡ್ಡೆಯ ಅಂಗಮಾರಿಗೆ, ಬಿಳಿನೊಣಕ್ಕೆ.
ನೀರು ಸೋಸಿ ಕುಡಿದು, ಹೊತ್ತು ಮುಳುಗುವ ಮುಂಚೆ ಉಣ್ಣುವ ಮನೆಯವನು
ಬೆಳಗ್ಗೆ ಶೆಟರ್ ಎತ್ತಿದರೆ ಬರೀ ವಿಷದ ವಾಸನೆ.
ಅಜ್ಜಿ ಸಾಯುವ ತನಕ
ನನ್ನ ಕೈಯ ನೀರು ಮುಟ್ಟಲಿಲ್ಲ.

ಡಾಕ್ಟರ್ ನಸೀಮಾ ಚೀಟಿಯ ಹಿಂದೆ
ಎರಡು ಬಗೆಯ ಚುಕ್ಕಿ ಇಟ್ಟರು:
ಮದ್ದಿಗೆ ಬಗ್ಗುವವು, ಬಗ್ಗದವು.
"ಎಲ್ಲವನ್ನೂ ಕೊಲ್ಲಲು ಹೋದರೆ, ಧರಣೇಂದ್ರಯ್ಯನವರೇ,
ಉಳಿಯುವುದು ಬಗ್ಗದವೇ.
ಜಾಗ ಖಾಲಿ. ಆಮೇಲೆ ಅವುಗಳದ್ದೇ ರಾಜ್ಯ."
ನಾನು ನಕ್ಕುಬಿಟ್ಟೆ.
ದುದ್ದದ ಕಾಳೇಗೌಡನಿಗೆ ಎಷ್ಟು ಸಲ ಹೇಳಿಲ್ಲ,
ವಾರಕ್ಕೆರಡು ಸಲ ಅದೇ ಡಬ್ಬ ಹೊಡೀಬೇಡ ಮಾರಾಯ,
ರೋಗ ಕಲಿಯುತ್ತೆ.
ಹೇಳುತ್ತಲೇ ಡಬ್ಬ ಕಟ್ಟಿಕೊಡುತ್ತಿದ್ದೆ, ಆ ಮಾತು ಬೇರೆ.

ರಕ್ತದ ಲೆಕ್ಕ ಅರವತ್ತೆಂಟಿದ್ದಾಗ ಶುರು, ಸೂಜಿ, ಮಾತ್ರೆ.
ಮೂವತ್ಮೂರಕ್ಕೆ ಇಳಿದ ದಿನ ಎರಡನ್ನೂ ನಿಲ್ಲಿಸಿದರು.
"ಇನ್ನೂ ಪರೀಕ್ಷೆಯಲ್ಲಿರುವ ದಾರಿ ಇದು.
ಅರವತ್ತೆಂಟು ಮುಟ್ಟಲಿ, ಮತ್ತೆ ಕೊಡೋಣ."
ಮಗಳು ಸುಮತಿ ರೇಗಿದಳು:
ಕೈಗೆ ಸಿಕ್ಕ ಕಳ್ಳನಿಗೆ ಊಟ ಹಾಕಿ ಕಳಿಸುತ್ತಾರಾ?

ಮದ್ದಿನ ತಿಂಗಳಲ್ಲಿ, ಹಾಸನದ ಮಾಗಿ ಚಳಿಯಲ್ಲಿ,
ನಡುರಾತ್ರಿ ಎದ್ದು ಬನಿಯನ್ ಹಿಂಡುತ್ತಿದ್ದೆ.
ಮರುದೇವಿ ಫ್ಯಾನ್ ಹಾಕಿ
ತಾನು ಎರಡು ಕಂಬಳಿ ಹೊದ್ದು ಹೇಳಿದಳು:
"ನನಗೆ ನಲವತ್ತೇಳಕ್ಕೆ ಬಂದದ್ದು
ನಿಮಗೆ ಎಪ್ಪತ್ತಕ್ಕೆ ಬಂತು. ಈಗ ಗೊತ್ತಾಯಿತಾ?"
ಗೊತ್ತಾಯಿತು.

ಬಿಟ್ಟ ತಿಂಗಳುಗಳಲ್ಲಿ ಜಡ ಮೆಲ್ಲಗೆ ಇಳಿಯಿತು.
ಗಡ್ಡ ಮತ್ತೆ ಒರಟಾಯಿತು.
ಒಂದು ಬೆಳಗ್ಗೆ, ಹೇಳಬಾರದು, ಹೇಳುತ್ತೇನೆ,
ಅವಳ ಹೆರಳಿನ ಎಣ್ಣೆಯ ವಾಸನೆಗೆ
ಮೈಗೆ ಎಚ್ಚರವಾಯಿತು.
ಅವಳು ಹೊರಳಿ ನೋಡಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು,
"ಲೆಕ್ಕ ಏರುತ್ತಿದೆ, ಅಲ್ವಾ?" ಅಂದಳು.

ಇವತ್ತಿನ ಚೀಟಿ: ಅರವತ್ತೊಂದು.
ಇನ್ನು ಏಳು.
ಸಾಲಗಾಮೆ ರಸ್ತೆಯ ಲ್ಯಾಬಿನ ಮೆಟ್ಟಿಲ ಮೇಲೆ ಕೂತು
ಬೆನ್ನಿನ ಬುಡದಲ್ಲಿ ಬಿಡಾರ ಹೂಡಿದವರನ್ನು ಮಾತಾಡಿಸಿದೆ:
ಬಗ್ಗುವವರೇ, ಜಾಗ ಬಿಟ್ಟುಕೊಡಬೇಡಿ.
ಸಾಕುತ್ತಿದ್ದೇನೆ ನಿಮ್ಮನ್ನು,
ಪ್ರೀತಿಯಿಂದ ಅಂತ ತಿಳಿಯಬೇಡಿ.

ಅಜ್ಜಿ ಇದ್ದಿದ್ದರೆ
ಇದನ್ನು ಅಹಿಂಸೆ ಅನ್ನುತ್ತಿರಲಿಲ್ಲ,
ವ್ಯಾಪಾರ ಅನ್ನುತ್ತಿದ್ದಳು.
ಆದರೂ ಒಂದು ಲೋಟ ನೀರು
ಇಸಿದುಕೊಳ್ಳುತ್ತಿದ್ದಳೇನೋ.

ಹೊತ್ತು ಇಳಿಯುತ್ತಿದೆ.
ಊಟಕ್ಕೆ ಮನೆ ಸೇರಬೇಕು.
ಚೀಟಿ ಮಡಚಿ ಎದ್ದೆ.