ವಯರು ನೋಡು ಮಾರಾಯ

ಬೆಳಗ್ಗೆ ಎಂಟಕ್ಕೆ ಹೊಸಂಗಡಿಯಲ್ಲಿ ಕೇಳಿದ ಗಂಟಲು
ಹತ್ತಕ್ಕೆ ಉಪ್ಪಳ ಗೇಟಿನಲ್ಲಿ, ಮಧ್ಯಾಹ್ನ ಬಂದ್ಯೋಡಿನಲ್ಲಿ.
ನಾನು ಏಣಿಯ ಮೇಲಿದ್ದೇನೆ, ಕೈಯಲ್ಲಿ ಹಳದಿ ಡಬ್ಬಿ,
ವರ್ಷದ ಹಿಂದೆಯೇ 'ಬುಕ್ಡ್' ಎಂದು ಸುಣ್ಣದಲ್ಲಿ ಗೀಚಿಟ್ಟ
ಯಾರದೋ ಪಾಗಾರಕ್ಕೆ ಯಾರದೋ ಸೀಲಿಂಗ್ ಫ್ಯಾನು ಬರೆಯುತ್ತ.
ಮೂರು ರೆಕ್ಕೆ. ತಿರುಗದ್ದು.

ತಿರುವಿನಲ್ಲಿ ಜೀಪು ಕಾಣುವ ಮೊದಲೇ ಅವನು ಬರುತ್ತಾನೆ:
'ನಿಮ್ಮೆಲ್ಲರ ಪ್ರೀತಿಯ, ನಿಮ್ಮ ಮನೆಮಗ, ನಿಮ್ಮ ಕಣ್ಮಣಿ...'
ಮಲಯಾಳದಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ,
ಮೀನು ಮಾರ್ಕೆಟಿನ ಹತ್ತಿರ ತುಳುವಿನಲ್ಲಿ, ಸ್ವಲ್ಪ ಬ್ಯಾರಿ ಸೇರಿಸಿ.
ದಿನಕ್ಕೆ ನಾನೂರು ಸಲ ಪ್ರೀತಿಯ ಎನ್ನುವ ಲಾದ್ರು
ಮನೆಯಲ್ಲಿ ನನಗೆ ಹೇಳುವುದು: ಚಾ ಉಂಟಾ?
ಹನ್ನೊಂದು ವರ್ಷ. ದೂರು ಅಲ್ಲ ಇದು.
ಚುನಾವಣೆ ಇಲ್ಲದಾಗ ಅದೇ ಜೀಪು, ಅದೇ ಗಂಟಲು:
ಉರೂಸು, ಏಕಾಹ ಭಜನೆ, ರೋಗಶಾಂತಿಯ ಪ್ರಾರ್ಥನಾ ಕೂಟ.
'ಬನ್ನಿ, ಸರ್ವರಿಗೂ ಆದರದ ಸ್ವಾಗತ.'
ಸರ್ವರಿಗೂ ಎಂಬಲ್ಲಿ ಅವನ ಧ್ವನಿ ಒಂದಿಷ್ಟು ಎಳೆಯುತ್ತದೆ.
ರಾಗಕ್ಕೆ, ಅನ್ನುತ್ತಾನೆ.

ನಮ್ಮ ಬಾಡಿಗೆ ಮನೆಗೂ ಬರುತ್ತಾರೆ, ಪಟ್ಟಿ ಹಿಡಿದವರು.
ಈ ಮನೆಯಲ್ಲಿ ಓಟು ಎಷ್ಟು?
ಎರಡು.
ಹೆಂಗಸರದ್ದು?
ಇಲ್ಲ.
ಪಟ್ಟಿ ಮಲಯಾಳದಲ್ಲಿ ಅಚ್ಚಾದದ್ದು; ಐತಪ್ಪ ಎಂಬ ನನ್ನ ಹೆಸರು
ಅದರಲ್ಲಿ ಒಂದು ಒತ್ತು ಕಳೆದುಕೊಂಡು ಕೂತಿದೆ.
ನಮ್ಮವರಿಗೆ ಟಿಕ್ಕು, ಅವರವರಿಗೆ ಗುಣಾಕಾರ,
ನಮ್ಮಿಬ್ಬರ ಎದುರು ಪೆನ್ಸಿಲಿನಲ್ಲಿ ಒಂದು ಪ್ರಶ್ನೆಚಿಹ್ನೆ.
ಅದು ಓಟಿನ ಬಗ್ಗೆಯೇ ಇರಬಹುದು.

ಕರಪತ್ರ ಹಿಡಿದು ಬರುವ ಸೆಲೆಸ್ತಿನ್ ಬಾಯಿ ಒಳ್ಳೆಯವಳು,
ಲಾದ್ರುವಿಗೆ ಜ್ವರ ಬಂದಾಗ ಮೂರು ದಿನ ಗಂಜಿ ತಂದವಳು.
ಒಂದೇ ಮಂಚ ನೋಡಿ, ಕಣ್ಣು ತಗ್ಗಿಸಿ ಹೇಳಿದಳು:
ಎಲ್ಲಕ್ಕೂ ಔಷಧ ಉಂಟು ಮಗಾ, ಮೊಣಕಾಲೂರಬೇಕು ಅಷ್ಟೆ.
ಗಂಜಿಯ ಪಾತ್ರೆ ಇನ್ನೂ ನಮ್ಮಲ್ಲೇ ಇದೆ.

ಆ ಸೋಮವಾರ ಹೊಸ ಚೀಟಿ ಬಂತು.
ಮೈದಾನದಲ್ಲಿ ಕುಟುಂಬ ರಕ್ಷಣಾ ಸಭೆ.
ಮೂರು ಪಕ್ಷದ ಅಭ್ಯರ್ಥಿಗಳು, ಮೂರು ಧರ್ಮದ ಗುರುಗಳು,
ಒಂದೇ ವೇದಿಕೆ.
ತಲಪಾಡಿಯ ದಾರಿಗೆ ಮಣ್ಣು ಸುರಿದ ವರ್ಷ
ಆಂಬುಲೆನ್ಸು ತಿರುಗಿ ಬರುತ್ತಿದ್ದಾಗ
ಇವರನ್ನು ಒಟ್ಟಿಗೆ ಕೂರಿಸುವ ಬೆಂಚು ಸಿಕ್ಕಿರಲಿಲ್ಲ.
ಸಭೆ ಯಾರ ವಿರುದ್ಧ ಎಂಬುದಕ್ಕೆ ಚೀಟಿಯಲ್ಲಿ ಒಂದು ಶಬ್ದ,
ಮಲಯಾಳದಲ್ಲಿ, ದಪ್ಪಕ್ಷರ.

ರಾತ್ರಿ ಲಾದ್ರು ಚಾಪೆಯಲ್ಲಿ ಕೂತು ಕನ್ನಡಕ್ಕೆ ತಿರುಗಿಸುತ್ತಿದ್ದ.
ಇದಕ್ಕೆ ಕನ್ನಡದಲ್ಲಿ ಏನು ಹೇಳುತ್ತಾರೆ?
ಶಾಲೆಯಲ್ಲಿ ನನ್ನ ಬೆನ್ನಿಗೆ ಬಿದ್ದ ಒಂದು ಶಬ್ದ ಹೇಳಿದೆ.
ಅದಲ್ಲ.
ಪತ್ರಿಕೆಯಲ್ಲಿ ಬರುವ ಉದ್ದದ್ದು ಹೇಳಿದೆ.
ಅದು ಮೈಕಿನಲ್ಲಿ ನಿಲ್ಲುವುದಿಲ್ಲ, ಆಸ್ಪತ್ರೆಯ ಬೋರ್ಡು ಓದಿದ ಹಾಗೆ.
ಸುಮ್ಮನೆ ಕೂತೆವು. ಹಲ್ಲಿ ಲೊಚಗುಟ್ಟಿತು.
ಸಾವಿರದೈನೂರು ಕೊಡ್ತಾರೆ, ಅಂದ.
ಬಾಡಿಗೆ ಎರಡು ತಿಂಗಳದ್ದು ಬಾಕಿ, ಅಂದೆ.
ಹೋಗಬೇಡ ಎಂದು ನಾನು ಹೇಳಲಿಲ್ಲ. ಇದೂ ಲೆಕ್ಕದಲ್ಲಿರಲಿ.

ಮರುದಿನ ಕೈಕಂಬದಲ್ಲಿ ಏಣಿ ಹತ್ತಿದ್ದೆ.
ಮಲಯಾಳ ಮೊದಲು ಬಂತು, ಪೂರ್ತಿ ಬಂತು, ಆ ಶಬ್ದ ಸಮೇತ,
ಅವನ ಅದೇ ಎಣ್ಣೆ ಹಚ್ಚಿದ ಗಂಟಲಲ್ಲಿ.
ನನ್ನ ಬ್ರಷ್ಷು ಗೆರೆ ದಾಟಿತು.
ಆಮೇಲೆ ಕನ್ನಡ:
'ಬಂಧುಗಳೇ, ನಮ್ಮ ನಿಮ್ಮ ಮನೆಗಳನ್ನು

...ರಿಂದ ಕಾಪಾಡಲು'

ಎರಡು ಸೆಕೆಂಡು. ಗಾಳಿ. ಜೀಪಿನ ಇಂಜಿನ್ನು.
ಹೆಸರು ಎಲ್ಲೋ ಬಿದ್ದು ವಿಭಕ್ತಿ ಮಾತ್ರ ಬಂತು.
ಸೋಡಾ ಅಂಗಡಿಯ ಅದ್ರಾಮ ಹೊರಗೆ ಬಂದು ಕೂಗಿದ:
ವಯರು ನೋಡು ಮಾರಾಯ, ಎಲ್ಲೋ ಕಟ್ಟಾಗ್ತಾ ಉಂಟು!
ಬಸ್ ಸ್ಟ್ಯಾಂಡಿನಲ್ಲಿ ಮತ್ತೆ ಕಟ್ಟು. ನಯಾಬಜಾರಿನಲ್ಲಿ ಕಟ್ಟು.
ಪೈವಳಿಕೆಯವರೆಗೂ ಹಾಗೇ ಹೋಯಿತಂತೆ.

ಸಭೆಗೆ ಜನ ತುಂಬಿದರು. ಬಿರಿಯಾನಿ ಸಾಕಾಗಲಿಲ್ಲ.
ಮೈಕ್ ಸೆಟ್ಟು ಸರಿಯಿಲ್ಲವೆಂದು ಲಾದ್ರುವಿಗೆ ಮುನ್ನೂರು ಹಿಡಿದರು.

ರಾತ್ರಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತ.
ಮಲಯಾಳದಲ್ಲಿ ಯಾಕೆ ಹೇಳಿದೆ ಎಂದು ಕೇಳಬೇಕೆಂದಿದ್ದೆ.
ಅವನೂ ಅದಕ್ಕೇ ಕಾಯುತ್ತಿದ್ದ ಹಾಗೆ ಕಂಡಿತು.
ನಿನ್ನ ಫ್ಯಾನಿನ ಮೂರನೇ ರೆಕ್ಕೆ ಓರೆಯಾಗಿದೆ, ಅಂದ,
ಜೀಪಿನಿಂದ ನೋಡಿದೆ.
ಗಂಟಲು ಪೂರಾ ಕಟ್ಟಿತ್ತು. ಕರಿಮೆಣಸು ಜಜ್ಜಿದೆ.
ಸೆಲೆಸ್ತಿನ್ ಬಾಯಿಯ ಪಾತ್ರೆಯಲ್ಲೇ ನೀರಿಟ್ಟೆ.